ಬಾನಲ್ಲಿ ನಿಲ್ಲುವ ಆಸೆ: ಕನ್ನಡ ನಾಡಿನ ವಿಮಾನ ಚರಿತ್ರೆಯ ಒಂದು ಎಳೆ

ಪ್ರಯಾಣಿಕರ ವಿಮಾನ ಆಕಾಶದಲ್ಲಿ ಒಂದೇ ಕಡೆ ಅಲ್ಲಾಡದೆ ನಿಲ್ಲಲಾರದು. ರೆಕ್ಕೆಯ ಮೇಲೂ ಕೆಳಗೂ ಗಾಳಿ ರಭಸದಿಂದ ಹಾಯುತ್ತಿದ್ದರೆ ಮಾತ್ರ ಅದು ಮೇಲೆ ಉಳಿಯುತ್ತದೆ. ಗಾಳಿ ಹಾಗೆ ಹಾಯಬೇಕಾದರೆ ವಿಮಾನ ಮುಂದಕ್ಕೆ ಓಡುತ್ತಲೇ ಇರಬೇಕು. ಉತ್ತರ ಇಷ್ಟು ಖಚಿತವಾಗಿದ್ದರೂ ವಿಮಾನ ಬಾನಲ್ಲಿ ನಿಲ್ಲಬಲ್ಲದೇ ಎಂಬ ಪ್ರಶ್ನೆ ಮಾತ್ರ ಮತ್ತೆ ಮತ್ತೆ ಏಳುತ್ತದೆ. ಅದಕ್ಕೆ ಕಾರಣ ಕಣ್ಣು.

ಹಾಸನ ಜಿಲ್ಲೆಯ ಆಲೂರು ತಾಲೂಕಿನ ಮಗ್ಗೆಯ ಸುತ್ತಮುತ್ತ ಇದನ್ನು ಚೆನ್ನಾಗಿ ನೋಡಬಹುದು. ಬೆಂಗಳೂರಿನಿಂದ ಮಂಗಳೂರಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಹಾಸನ ಜಿಲ್ಲೆಯ ಮೇಲೆಯೇ ಹಾದು ಘಟ್ಟ ಇಳಿಯುತ್ತದೆ. ಮಳೆ ಬಿಟ್ಟ ಸಂಜೆ ಕಾಫಿ ತೋಟದ ಸಿಲ್ವರ್ ಮರಗಳ ಸಂದಿಯಲ್ಲಿ ದೂರದ ವಿಮಾನವೊಂದು ನೋಡುವವರ ಕಡೆಗೇ ಮುಖ ಮಾಡಿ ಬರುತ್ತಿದ್ದರೆ ಅದು ಬಹಳ ಹೊತ್ತು ನಿಂತಲ್ಲೇ ನಿಂತಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಇದರಲ್ಲಿ ಮಾಯವೇನೂ ಇಲ್ಲ. 10 ಕಿ.ಮೀ. ಎತ್ತರದಲ್ಲಿ ಗಂಟೆಗೆ 860 ಕಿ.ಮೀ. ವೇಗದಲ್ಲಿ ಸಾಗುವ ವಿಮಾನ ನೆತ್ತಿಯ ಮೇಲೆ ಹಾಯುವಾಗ ಸೆಕೆಂಡಿಗೆ ಸುಮಾರು ಒಂದೂವರೆ ಡಿಗ್ರಿ ಸರಿಯುತ್ತದೆ. ಅದೇ ವಿಮಾನ ಎದುರುಗಡೆ ಬಾನಂಚಿನಿಂದ 20 ಡಿಗ್ರಿ ಮೇಲಿದ್ದಾಗ ನಮ್ಮಿಂದ 29 ಕಿ.ಮೀ. ದೂರದಲ್ಲಿರುತ್ತದೆ. ಆಗ ಅದು 10 ಸೆಕೆಂಡಿನಲ್ಲಿ ಸರಿಯುವುದು ಚಾಚಿದ ಕೈಯ ಹೆಬ್ಬೆರಳಿನ ಅಗಲಕ್ಕಿಂತಲೂ ಕಡಿಮೆ. ಅದರ ಜೊತೆಗೆ ಮುಂಗಾರಿನ ತುಂಡು ಮೋಡಗಳು ತಗ್ಗಿನಲ್ಲಿ ವೇಗವಾಗಿ ಓಡುತ್ತಿದ್ದರೆ ವಿಮಾನ ನಿಂತಿದೆ ಎಂದೇ ಅನ್ನಿಸುತ್ತದೆ, ಕೆಲವೊಮ್ಮೆ ಹಿಂದಕ್ಕೆ ಹೋಗುತ್ತಿದೆ ಎಂದೂ. ಚಲಿಸುವ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಈ ಭ್ರಮೆ ಇನ್ನೂ ಹೆಚ್ಚು.

ವಿಮಾನ ಯಾಕೆ ನಿಲ್ಲಲಾರದು ಎಂಬುದಕ್ಕೆ ಏರ್‌ಬಸ್ ಎ320ರ ತೂಕವನ್ನು ನೋಡಿದರೆ ಸಾಕು. ಪ್ರಯಾಣಿಕರು, ಸಾಮಾನು, ಇಂಧನ ಎಲ್ಲ ತುಂಬಿದಾಗ ಅದು ಸುಮಾರು 75 ಟನ್ ತೂಗುತ್ತದೆ. ಅದರ ಎರಡು ಜೆಟ್ ಎಂಜಿನ್‌ಗಳು ಪೂರ್ಣ ಶಕ್ತಿಯಲ್ಲಿ ಕೊಡುವ ನೂಕುಬಲ ತಲಾ 12 ಟನ್ ತೂಕಕ್ಕೆ ಸಮ, ಒಟ್ಟು 24 ಟನ್. ಎಂಜಿನ್‌ಗಳನ್ನು ತಿರುಗಿಸಿ ನೇರ ಕೆಳಮುಖ ಮಾಡಿದರೂ ವಿಮಾನದ ಮೂರರಲ್ಲಿ ಒಂದು ಪಾಲನ್ನಷ್ಟೇ ಅವು ಹೊರಬಲ್ಲವು. ಹಾರುವಾಗ ಭಾರವನ್ನು ಹೊರುವುದು ರೆಕ್ಕೆ. ಮೇಲೇರಿ ಸಮವಾಗಿ ಹಾರತೊಡಗಿದ ಮೇಲಂತೂ ಅಷ್ಟು ದೊಡ್ಡ ವಿಮಾನಕ್ಕೆ ನಾಲ್ಕೈದು ಟನ್ನಿನ ನೂಕುಬಲ ಸಾಕಾಗುತ್ತದೆ. ಕೊಳ್ಳಬಹುದಾದ ಬೆಲೆಯ ಟಿಕೆಟಿನಲ್ಲಿ ನೂರೆಂಬತ್ತು ಜನರನ್ನು ಊರಿಂದೂರಿಗೆ ಒಯ್ಯಲು ಸಾಧ್ಯವಾದದ್ದು ಈ ಉಳಿತಾಯದಿಂದ. ಓಡುತ್ತಲೇ ಇರಬೇಕೆಂಬುದು ರೆಕ್ಕೆ ಅದಕ್ಕೆ ಪ್ರತಿಯಾಗಿ ಹಾಕುವ ಷರತ್ತು.

ಎಷ್ಟು ನಿಧಾನವಾಗಿ ಓಡಬಹುದು ಎಂಬುದಕ್ಕೂ ಮಿತಿಯಿದೆ. ಇಳಿಯುವ ಮುನ್ನ ರೆಕ್ಕೆಯ ಪಕ್ಕದ ಸೀಟಿನಲ್ಲಿ ಕುಳಿತವರಿಗೆ ಗುಂಯ್ ಎಂಬ ಸದ್ದಿನೊಡನೆ ರೆಕ್ಕೆಯ ಹಿಂಬದಿಯಿಂದ ಅಗಲವಾದ ಪಟ್ಟಿಗಳು ಹೊರಗೆ ಸರಿದು ಕೆಳಕ್ಕೆ ಬಾಗುವುದು ಕಾಣುತ್ತದೆ. ಅವೇ ಫ್ಲ್ಯಾಪ್‌ಗಳು. ರೆಕ್ಕೆಯನ್ನು ಹಿಗ್ಗಿಸಿ, ಬಾಗಿಸಿ, ಕಡಿಮೆ ವೇಗದಲ್ಲೂ ಭಾರ ಹೊರುವಂತೆ ಮಾಡುವುದು ಅವುಗಳ ಕೆಲಸ. ಅಷ್ಟೆಲ್ಲ ಮಾಡಿದರೂ ಎ320 ನೆಲ ಮುಟ್ಟುವಾಗ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿರುತ್ತದೆ. ಸಣ್ಣ ಊರುಗಳಿಗೆ ಹಾರುವ ಎಟಿಆರ್ ವಿಮಾನಕ್ಕೂ ಗಂಟೆಗೆ 200 ಕಿ.ಮೀ. ಆಸುಪಾಸು ಬೇಕು.

ಇಲ್ಲಿ ವೇಗವೆಂದರೆ ಗಾಳಿಗೆ ಹೋಲಿಸಿದ ವೇಗ, ನೆಲಕ್ಕಲ್ಲ. ಬಿಸಿಲೆ ಘಾಟಿಯ ಅಂಚಿನಲ್ಲಿ, ಮಂಜರಾಬಾದ್ ಕೋಟೆಯ ದಿಬ್ಬದಲ್ಲಿ ಪಡುವಣ ಗಾಳಿ ಬೆಟ್ಟಕ್ಕೆ ಬಡಿದು ಮೇಲೇಳುವಾಗ ಹದ್ದುಗಳು ರೆಕ್ಕೆ ಬಡಿಯದೆ ಒಂದೇ ಕಡೆ ತೂಗಾಡುತ್ತ ನಿಲ್ಲುತ್ತವೆ. ನೆಲದಿಂದ ನೋಡಿದರೆ ಅವು ನಿಂತಿವೆ, ಗಾಳಿಯ ಲೆಕ್ಕದಲ್ಲಿ ಹಾರುತ್ತಲೇ ಇವೆ. ಇದೇ ಜಾಣ್ಮೆಯನ್ನು ಮಾಡಿ ತೋರಿಸಬಲ್ಲ ಪ್ರಯಾಣಿಕರ ವಿಮಾನವೂ ಒಂದಿದೆ. ಸೋವಿಯತ್ ಒಕ್ಕೂಟದಲ್ಲಿ 1947ರಲ್ಲಿ ಮೊದಲು ಹಾರಿದ ಆಂಟೊನೊವ್ ಎಎನ್-2 ಹನ್ನೆರಡು ಜನರನ್ನು ಹೊರುವ ಎರಡಂತಸ್ತಿನ ರೆಕ್ಕೆಯ ವಿಮಾನ. ಗಂಟೆಗೆ 50 ಕಿ.ಮೀ. ಆಸುಪಾಸಿನ ವೇಗದಲ್ಲೂ ಅದು ಹತೋಟಿ ತಪ್ಪುವುದಿಲ್ಲ. ಅಷ್ಟೇ ಬಲವಾದ ಗಾಳಿ ಎದುರಿನಿಂದ ಬೀಸಿದರೆ ನೆಲದ ಮೇಲಿರುವವರಿಗೆ ಅದು ಬಾನಿನಲ್ಲಿ ನಿಂತಂತೆಯೇ ಕಾಣುತ್ತದೆ. ಮೂಲ ಪ್ರಶ್ನೆಗೆ ಹೌದು ಎಂಬ ಉತ್ತರಕ್ಕೆ ರೆಕ್ಕೆಯ ವಿಮಾನ ಹತ್ತಿರ ಬರುವುದು ಇಲ್ಲಿಯವರೆಗೆ ಮಾತ್ರ.

ಗಾಳಿಯಲ್ಲಿ ನಿಲ್ಲುವ ಆಸೆ ರೆಕ್ಕೆಯ ವಿಮಾನಕ್ಕಿಂತ ಹಳೆಯದು. ಹೈಡ್ರೋಜನ್ ತುಂಬಿದ ದೊಡ್ಡ ವಾಯುನೌಕೆಗಳು ಅದನ್ನು ನಿಜವಾಗಿಯೂ ಸಾಧಿಸಿದ್ದವು. ಅವು ಗಾಳಿಗಿಂತ ಹಗುರ, ಓಡದೆಯೂ ತೇಲಬಲ್ಲವು. 1910ರಿಂದಲೇ ಜರ್ಮನಿಯಲ್ಲಿ ಜೆಪ್ಪೆಲಿನ್‌ಗಳು ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತವು. ಬ್ರಿಟಿಷರು ಭಾರತಕ್ಕೂ ಅಂಥದೊಂದು ದಾರಿ ತೆರೆಯಲು ಹೊರಟು ಕರಾಚಿಯಲ್ಲಿ ಭಾರೀ ಹ್ಯಾಂಗರ್ ಕಟ್ಟಿದರು. ಅಲ್ಲಿಗೆ ಹೊರಟ ಆರ್101 ವಾಯುನೌಕೆ 1930ರ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲೇ ಬಿದ್ದು ಉರಿಯಿತು. ಅದರಲ್ಲಿದ್ದ 54 ಜನರಲ್ಲಿ 48 ಮಂದಿ ಸತ್ತರು. 1937ರಲ್ಲಿ ಹಿಂಡೆನ್‌ಬರ್ಗ್ ಸುಟ್ಟುಹೋದ ಮೇಲೆ ಆ ಸಾರಿಗೆಯೇ ಮುಗಿಯಿತು.

ಕನ್ನಡ ನಾಡಿನಲ್ಲಿ ಈ ಆಸೆ ಮೊದಲು ಮೂಡಿದ್ದು ಕಾರ್ಖಾನೆಯಲ್ಲಿ ಅಲ್ಲ, ಕಾಗದದ ಮೇಲೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಸಂಸ್ಕೃತ ಶ್ಲೋಕಗಳನ್ನು ಹೇಳಿ ಬರೆಸಿದರು. ಭರದ್ವಾಜ ಮಹರ್ಷಿಯ ಜ್ಞಾನ ತಮಗೆ ಅಂತಃಸ್ಫೂರ್ತಿಯಿಂದ ಒಲಿಯಿತು ಎಂಬುದು ಅವರ ಹೇಳಿಕೆ. ‘ವೈಮಾನಿಕ ಶಾಸ್ತ್ರ’ ಎಂದು ಹೆಸರಾದ ಆ ಕೃತಿಗೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಎಲ್ಲಪ್ಪ 1923ರಲ್ಲಿ ಚಿತ್ರಗಳನ್ನು ಬರೆದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳು ಅದರಲ್ಲಿವೆ. ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಪ್ರಕಟಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದದ್ದು 1942ರಲ್ಲಿ. ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು ಎಂಬ ಐವರು ಈ ಗ್ರಂಥವನ್ನು ಕೂಲಂಕಷವಾಗಿ ಓದಿ 1974ರಲ್ಲಿ ವಿಮರ್ಶೆ ಪ್ರಕಟಿಸಿದರು. ನಂಬಿಕೆಯನ್ನು ಗೇಲಿ ಮಾಡುವ ಹಾದಿಯನ್ನು ಅವರು ಹಿಡಿಯಲಿಲ್ಲ. ಶ್ಲೋಕದ ಭಾಷೆ ನೋಡಿದರು, ಚಿತ್ರಗಳ ಅಳತೆ ತೆಗೆದರು, ತೂಕ ಮತ್ತು ಬಲಗಳ ಲೆಕ್ಕ ಹಾಕಿದರು. ಕೃತಿಯ ಸಂಸ್ಕೃತ ಇಪ್ಪತ್ತನೆಯ ಶತಮಾನದ್ದು ಎಂದೂ ನಾಲ್ಕರಲ್ಲಿ ಯಾವುದೂ ಹಾರಲಾರದು ಎಂದೂ ತೀರ್ಮಾನಿಸಿದರು. ನಿಲ್ಲುವ ಪ್ರಶ್ನೆಗೆ ಮುಖ್ಯವಾದದ್ದು ರುಕ್ಮ ವಿಮಾನ. ಗೋಪುರದಂಥ ಆಕಾರ, ಮೇಲಿಂದ ಗಾಳಿ ಹೀರಿ ಉದ್ದನೆಯ ಕೊಳವೆಗಳ ಮೂಲಕ ಕೆಳಕ್ಕೆ ದೂಡುವ ಫ್ಯಾನ್‌ಗಳು. ಗಾಳಿಯನ್ನು ಕೆಳಗೆ ದೂಡಿದರೆ ಮೇಲಕ್ಕೆ ಬಲ ಸಿಗುತ್ತದೆ ಎಂಬ ತತ್ವ ಸರಿಯೇ ಇದೆ, ಅಷ್ಟು ಭಾರ ಎತ್ತಲು ಬೇಕಾದ ಶಕ್ತಿಯ ಲೆಕ್ಕ ಮಾತ್ರ ಇಲ್ಲ. ಈ ವಿಷಯದಲ್ಲಿ ಆ 1974ರ ಲೇಖನಕ್ಕಿಂತ ಮೇಲಾದ ಉತ್ತರ ಇದುವರೆಗೆ ಬಂದಿಲ್ಲ. ಆದರೂ ಶಾಸ್ತ್ರದ ಹೆಸರು ಹೇಳುವವರಲ್ಲಿ ವಿಮರ್ಶೆಯನ್ನು ಓದಿದವರು ಕಡಿಮೆ.

ಅಷ್ಟರಲ್ಲಿ ಲೋಹದ ವಿಮಾನ ಬೆಂಗಳೂರಿಗೆ ಬಂದು ಮೂರು ದಶಕ ದಾಟಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು (ಮುಂದೆ ಎಚ್‌ಎಎಲ್) ನೋಂದಾಯಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದ ಮೈಸೂರು ಸಂಸ್ಥಾನ ಬಂಡವಾಳದ ಜೊತೆಗೆ ಬೆಂಗಳೂರಿನ ಹೊರವಲಯದಲ್ಲಿ 700 ಎಕರೆ ಜಾಗವನ್ನೂ ಕೊಟ್ಟಿತು. 1941ರಲ್ಲಿ ಹಾರ್ಲೊ ತರಬೇತಿ ವಿಮಾನ ಅಲ್ಲಿ ಜೋಡಣೆಯಾಗಿ ಹಾರಿತು. ಯುದ್ಧಕಾಲದಲ್ಲಿ ಆ ಅಂಗಳ ಅಮೆರಿಕದ ಸೇನಾ ವಿಮಾನಗಳ ರಿಪೇರಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಮಿಲಿಟರಿ ಬಿಟ್ಟುಹೋದ ಡಕೋಟಾ ವಿಮಾನಗಳಿಗೆ ಸೀಟು ಹಾಕಿ, ಪ್ರಯಾಣಿಕರ ವಿಮಾನಗಳಾಗಿ ಸಜ್ಜುಗೊಳಿಸಿ ಖಾಸಗಿ ಕಂಪನಿಗಳಿಗೆ ಕೊಟ್ಟದ್ದು ಇದೇ ಕಾರ್ಖಾನೆ. ಕೆಲಸ ಸಾಲದೆ ಬಂದಾಗ ಅದು ರೈಲು ಬೋಗಿಗಳನ್ನೂ ಕಟ್ಟಿತು. ಮಂಗಳೂರಿನ ಬಜ್ಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ತೆರೆದಾಗ ಪ್ರಧಾನಿ ನೆಹರೂ ಬಂದಿಳಿದದ್ದೂ ಡಕೋಟಾದಲ್ಲೇ. ಓಡಿ ಏರುವ, ಓಡಿ ಇಳಿಯುವ ವಿಮಾನಕ್ಕೆ ನೆಲ ಬೇಕು. ಗುಡ್ಡದ ತಲೆ ಸವರಿ ಮಾಡಿದ ಬಜ್ಪೆಯ ರನ್‌ವೇ ಈಗ 2,450 ಮೀಟರ್ ಉದ್ದವಿದೆ. 2023ರ ಫೆಬ್ರುವರಿಯಲ್ಲಿ ತೆರೆದ ಶಿವಮೊಗ್ಗದ್ದು 3,200 ಮೀಟರ್, ಬೆಂಗಳೂರಿನದು 4,000 ಮೀಟರ್. ವಿಮಾನ ಗಾಳಿಯಲ್ಲಿ ನಿಲ್ಲಲಾರದು ಎಂಬ ಒಂದೇ ಕಾರಣಕ್ಕೆ ನೂರಾರು ಎಕರೆ ಭೂಸ್ವಾಧೀನ, ಪರಿಹಾರದ ವ್ಯಾಜ್ಯ, ಹತ್ತಾರು ವರ್ಷಗಳ ಕಾಯುವಿಕೆ. ನಿಲ್ದಾಣ ಬೇಕೆಂದು ಬಹುಕಾಲದಿಂದ ಕೇಳುತ್ತ ಬಂದ ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಲ್ಲಬಲ್ಲ ಯಂತ್ರ ಎಚ್‌ಎಎಲ್ ಅಂಗಳಕ್ಕೆ ಬಂದದ್ದು 1960ರ ದಶಕದಲ್ಲಿ. ಫ್ರಾನ್ಸಿನ ಸೂಡ್ ಏವಿಯೇಷನ್ ಕಂಪನಿಯೊಡನೆ 1962ರಲ್ಲಿ ಆದ ಒಪ್ಪಂದದಂತೆ ಅಲುವೆಟ್-3 ಹೆಲಿಕಾಪ್ಟರ್ ‘ಚೇತಕ್’ ಎಂಬ ಹೆಸರಿನಲ್ಲಿ 1965ರಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿತು. 1970ರ ಒಪ್ಪಂದದಿಂದ ‘ಚೀತಾ’ ಬಂತು. ಹೆಲಿಕಾಪ್ಟರಿನ ಗುಟ್ಟು ಇಷ್ಟೆ: ಇಡೀ ವಿಮಾನವನ್ನು ಓಡಿಸುವ ಬದಲು ರೆಕ್ಕೆಯನ್ನಷ್ಟೇ ನೆತ್ತಿಯ ಮೇಲೆ ಗರಗರನೆ ತಿರುಗಿಸುವುದು. ರೆಕ್ಕೆ ಓಡುತ್ತಿರುತ್ತದೆ, ಒಡಲು ನಿಂತಿರುತ್ತದೆ.

ಆ ನಿಲುವು ಹೊರಗಿನಿಂದ ಕಾಣುವಷ್ಟು ಶಾಂತವಲ್ಲ. ಪೈಲಟ್‌ನ ಎಡಗೈಯಲ್ಲಿರುವ ಹಿಡಿ ಎಲ್ಲ ಬ್ಲೇಡುಗಳ ಓರೆಯನ್ನು ಒಟ್ಟಿಗೆ ಹೆಚ್ಚಿಸಿ ತಗ್ಗಿಸುತ್ತದೆ, ಅದರಿಂದ ಏರಿಳಿತ. ಬಲಗೈಯ ಹಿಡಿ ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುತ್ತದೆ. ಎರಡು ಕಾಲುಗಳು ಬಾಲದ ಪುಟ್ಟ ರೋಟರಿನ ಪೆಡಲ್‌ಗಳ ಮೇಲಿರುತ್ತವೆ. ಆ ಪುಟ್ಟ ರೋಟರ್ ಇಲ್ಲದಿದ್ದರೆ ಮೇಲಿನ ರೋಟರ್ ಒಂದು ದಿಕ್ಕಿಗೆ ತಿರುಗಿದಂತೆ ಒಡಲು ಇನ್ನೊಂದು ದಿಕ್ಕಿಗೆ ಗಿರಕಿ ಹೊಡೆಯುತ್ತದೆ. ಇವುಗಳಲ್ಲಿ ಒಂದನ್ನು ಕೊಂಚ ಅಲುಗಿಸಿದರೂ ಉಳಿದ ಎರಡನ್ನು ಸರಿಪಡಿಸಬೇಕು, ಗಾಳಿ ಬೀಸು ಬದಲಿಸಿದರೆ ಮೂರನ್ನೂ. ಕಲಿಯುವವರಿಗೆ ಹೆಲಿಕಾಪ್ಟರನ್ನು ಮುಂದೆ ಓಡಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಎಂಜಿನ್ನಿಗೂ ಅಷ್ಟೇ, ನಿಧಾನವಾಗಿ ಮುಂದೆ ಸಾಗುವುದಕ್ಕೆ ಸಾಕಾಗುವ ಶಕ್ತಿ ನಿಲ್ಲುವುದಕ್ಕೆ ಸಾಲದು.

ಬೆಟ್ಟ ಏರಿದಂತೆ ಈ ತೊಡಕು ಹೆಚ್ಚುತ್ತದೆ. 6,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ರೋಟರಿಗೆ ದೂಡಲು ಗಾಳಿಯೇ ಸಾಲದು. 1984ರಿಂದ ಸಿಯಾಚಿನ್ ಹಿಮನದಿಯ ಠಾಣೆಗಳಿಗೆ ಬೆಂಗಳೂರಿನ ಚೀತಾಗಳು ಸೀಮೆಎಣ್ಣೆ, ಆಹಾರ ಒಯ್ದು, ಗಾಯಾಳುಗಳನ್ನು ಹೊತ್ತು ತಂದದ್ದು ಆ ತೆಳುಗಾಳಿಯಲ್ಲಿ. ಚೀತಾದ ಮೂಲ ಮಾದರಿಯಾದ ‘ಲಾಮಾ’ 1972ರಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿತ್ತು. ಹೊರುವ ಭಾರ ಸಣ್ಣದಾದರೂ ಎತ್ತರಕ್ಕೆ ಅದು ಹೇಳಿ ಮಾಡಿಸಿದ ಯಂತ್ರ.

ಸ್ವಂತ ವಿನ್ಯಾಸದ ಹೆಲಿಕಾಪ್ಟರಿಗಾಗಿ ಎಚ್‌ಎಎಲ್ 1984ರಲ್ಲಿ ಜರ್ಮನಿಯ ಎಂಬಿಬಿ ಕಂಪನಿಯ ನೆರವು ಪಡೆಯಿತು. ಆ ಹೆಲಿಕಾಪ್ಟರ್ 1992ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲ ಬಾರಿ ನೆಲ ಬಿಟ್ಟು ಮೇಲೆದ್ದಿತು. ಮುಂದೆ ‘ಧ್ರುವ’ ಎಂದು ಹೆಸರಾಗಿ 2002ರಿಂದ ಸೇನೆಗಳಿಗೆ ಸೇರಿತು. ತುಂಬಿದಾಗ ಐದೂವರೆ ಟನ್ ತೂಗುವ ಧ್ರುವದ ನಾಲ್ಕು ಬ್ಲೇಡುಗಳು 13.2 ಮೀಟರ್ ಅಗಲದ ವೃತ್ತವನ್ನು ಗುಡಿಸುತ್ತವೆ. ಅಷ್ಟು ಭಾರವನ್ನು ಹೊತ್ತು ನಿಂತಾಗ ಕೆಳಕ್ಕೆ ನುಗ್ಗುವ ಗಾಳಿಯ ವೇಗ ಲೆಕ್ಕದ ಪ್ರಕಾರ ಗಂಟೆಗೆ 90 ಕಿ.ಮೀ. ಮುಟ್ಟುತ್ತದೆ. ಯಲಹಂಕದ ವೈಮಾನಿಕ ಪ್ರದರ್ಶನಗಳಲ್ಲಿ ವಾಯುಪಡೆಯ ‘ಸಾರಂಗ್’ ತಂಡ ನಾಲ್ಕೈದು ಧ್ರುವಗಳನ್ನು ಹಾರಿಸಿ ಕುಣಿಸುವುದನ್ನು ಲಕ್ಷಾಂತರ ಜನ ನೋಡಿದ್ದಾರೆ. ಧ್ರುವದ ದಾರಿ ಹೂವಿನದಾಗಿರಲಿಲ್ಲ. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಒಂದು ಧ್ರುವ ಬಿದ್ದ ಮೇಲೆ ದೇಶದ ಎಲ್ಲ ಧ್ರುವಗಳೂ ತಿಂಗಳುಗಟ್ಟಲೆ ನೆಲ ಹಿಡಿದವು. 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ತೆರೆದ ಎಚ್‌ಎಎಲ್‌ನ 615 ಎಕರೆಯ ಹೊಸ ಕಾರ್ಖಾನೆಯೂ ಹೆಲಿಕಾಪ್ಟರ್‌ಗಳಿಗೇ ಮೀಸಲು.

ನಿಲ್ಲುವ ಯಂತ್ರದ ನಿಜವಾದ ಉಪಯೋಗ ಏನೆಂದು ಹಾಸನ ಜಿಲ್ಲೆಯ ಜನ ಕಣ್ಣಾರೆ ಕಂಡದ್ದು 1981ರ ಫೆಬ್ರುವರಿಯಲ್ಲಿ. ಚಾವುಂಡರಾಯ ಶ್ರವಣಬೆಳಗೊಳದ ಬಾಹುಬಲಿಯನ್ನು ನಿಲ್ಲಿಸಿ ಆಗ ಸಾವಿರ ವರ್ಷ. ಆ ವರ್ಷದ ಮಹಾಮಸ್ತಕಾಭಿಷೇಕಕ್ಕೆ ಬಂದ ಪ್ರಧಾನಿ ಇಂದಿರಾ ಗಾಂಧಿ 58 ಅಡಿ ಎತ್ತರದ ವಿಗ್ರಹದ ಮೇಲೆ ಹೆಲಿಕಾಪ್ಟರಿನಿಂದ ಹೂಮಳೆ ಸುರಿಸಿದರು. ಈ ಕೆಲಸ ರೆಕ್ಕೆಯ ವಿಮಾನದಿಂದ ಆಗುವಂಥದಲ್ಲ. ಗಂಟೆಗೆ 200 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 56 ಮೀಟರ್. ಹೂಬುಟ್ಟಿ ಬಗ್ಗಿಸುವಷ್ಟರಲ್ಲಿ ವಿಮಾನ ವಿಗ್ರಹವಿರುವ ದೊಡ್ಡಬೆಟ್ಟವನ್ನು ದಾಟಿರುತ್ತದೆ, ಹೂ ಕಲ್ಯಾಣಿಯ ಆಚೆ ಎಲ್ಲೋ ಬಿದ್ದಿರುತ್ತದೆ.

ರೆಕ್ಕೆಯ ವೇಗ, ರೋಟರಿನ ನಿಲುವು ಎರಡನ್ನೂ ಒಂದೇ ಪ್ರಯಾಣಿಕರ ವಿಮಾನದಲ್ಲಿ ಕೂಡಿಸುವ ಯತ್ನಗಳು ಹೊರದೇಶಗಳಲ್ಲಿ ನಡೆದವು. ಬ್ರಿಟನ್ನಿನ ಫೇರಿ ಕಂಪನಿಯ ‘ರೋಟೊಡೈನ್’ 1957ರ ನವೆಂಬರ್‌ನಲ್ಲಿ ಹಾರಿತು. ನಲವತ್ತಕ್ಕೂ ಹೆಚ್ಚು ಜನರನ್ನು ಲಂಡನ್ನಿನ ನಡುವಿನಿಂದ ನೇರ ಮೇಲೆತ್ತಿ ಪ್ಯಾರಿಸ್ಸಿನ ನಡುವೆ ಇಳಿಸಬೇಕೆಂಬುದು ಉದ್ದೇಶ. 1959ರ ಜನವರಿಯಲ್ಲಿ ಗಂಟೆಗೆ 307 ಕಿ.ಮೀ. ವೇಗದ ದಾಖಲೆಯನ್ನೂ ಮಾಡಿತು. ಬ್ಲೇಡುಗಳ ತುದಿಯಲ್ಲಿ ಉರಿಯುವ ಜೆಟ್‌ಗಳ ಸದ್ದು ಊರ ನಡುವೆ ಸಹಿಸುವಂತಿರಲಿಲ್ಲ, ಕೊಳ್ಳುವವರೂ ಗಟ್ಟಿಯಾಗಿ ನಿಲ್ಲಲಿಲ್ಲ. 1962ರಲ್ಲಿ ಯೋಜನೆ ರದ್ದಾಯಿತು. ಜರ್ಮನಿಯ ಡಾರ್ನಿಯರ್ ಡಿಒ-31 ಎಂಬ ಸಾಗಣೆ ವಿಮಾನ 1967ರಲ್ಲಿ ಜೆಟ್ ಬಲದ ಮೇಲೆಯೇ ಗಾಳಿಯಲ್ಲಿ ನಿಂತು ತೋರಿಸಿತು. ಹಾಗೆ ನಿಲ್ಲಲು ಎರಡು ಮುಖ್ಯ ಎಂಜಿನ್‌ಗಳ ಜೊತೆ ಎಂಟು ಹೆಚ್ಚುವರಿ ಎಂಜಿನ್‌ಗಳನ್ನು ಹೊರಬೇಕಾಯಿತು. ಹಾರುವಾಗ ಆ ಎಂಟೂ ಬರೀ ಹೊರೆ. 1970ರಲ್ಲಿ ಅದೂ ನಿಂತುಹೋಯಿತು. ಉಳಿದದ್ದು ಹ್ಯಾರಿಯರ್‌ನಂಥ ಯುದ್ಧವಿಮಾನಗಳು ಮಾತ್ರ. ಕಾರವಾರದ ಪಕ್ಕದ ಗೋವಾದಲ್ಲಿ ಭಾರತೀಯ ನೌಕಾಪಡೆಯ ಸೀ ಹ್ಯಾರಿಯರ್‌ಗಳು 1983ರಿಂದ 2016ರವರೆಗೆ ಇದ್ದವು. ಎಂಜಿನ್ನಿನ ನಾಲ್ಕು ಬಾಯಿಗಳನ್ನು ಕೆಳಕ್ಕೆ ತಿರುಗಿಸಿ ಅವು ವಿಮಾನವಾಹಕ ಹಡಗಿನ ಮೇಲೆ ನೇರವಾಗಿ ಇಳಿಯುತ್ತಿದ್ದವು. ಪೂರ್ಣ ಭಾರದಲ್ಲಿ ನಿಲ್ಲಬೇಕಾದರೆ ಎಂಜಿನ್ ತಣಿಸಲು ನೀರು ಚಿಮುಕಿಸಬೇಕಿತ್ತು, ಆ ನೀರು ಬರುತ್ತಿದ್ದುದು ಸುಮಾರು ಒಂದೂವರೆ ನಿಮಿಷ. ಒಬ್ಬನೇ ಪೈಲಟ್ ಕೂರುವ ವಿಮಾನದ ಪಾಡು ಇದು.

ಪ್ರಯಾಣಿಕರ ವಿಮಾನ ಬೇಕಾದ ವೇಗವನ್ನು ಕಳೆದುಕೊಂಡರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಕಹಿ ಉದಾಹರಣೆ ಇದೆ. 1990ರ ಫೆಬ್ರುವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ, ಆಗ ಹೊಚ್ಚ ಹೊಸದಾದ ಎ320, ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಎಂಜಿನ್‌ಗಳು ಕನಿಷ್ಠ ಬಲದಲ್ಲೇ ಉಳಿದಿದ್ದವು. ವೇಗ ಇಳಿಯುತ್ತ ಹೋಯಿತು, ಎತ್ತರವೂ. ಅದು ಗಮನಕ್ಕೆ ಬಂದು ಪೂರ್ಣ ಬಲ ಕೊಟ್ಟಾಗ ಹೊತ್ತು ಮೀರಿತ್ತು. ಜೆಟ್ ಎಂಜಿನ್ ಕನಿಷ್ಠದಿಂದ ಗರಿಷ್ಠಕ್ಕೆ ಏರಲು ಕೆಲವು ಸೆಕೆಂಡುಗಳು ಬೇಕು, ಆ ಸೆಕೆಂಡುಗಳು ಉಳಿದಿರಲಿಲ್ಲ. ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ, ದಿಬ್ಬಕ್ಕೆ ಬಡಿದು, ಬೆಂಕಿ ಹತ್ತಿಕೊಂಡಿತು. 146 ಮಂದಿಯಲ್ಲಿ 92 ಜನ ಸತ್ತರು. ವಿಮಾನಕ್ಕೆ ನಿಂತು ಯೋಚಿಸುವ ಅವಕಾಶವಿಲ್ಲ ಎಂಬುದರ ಅರ್ಥ ಇದು.

ಇಳಿಯಲು ಜಾಗವಿಲ್ಲದಾಗಲೂ ಅದಕ್ಕೆ ನಿಲ್ಲಲಾಗದು, ಸುತ್ತಲೇಬೇಕು. ಬೆಂಗಳೂರಿನಲ್ಲಿ ಚಳಿಗಾಲದ ಮುಂಜಾನೆ ಮಂಜು ಕವಿದಾಗ, ಮಂಗಳೂರಿನ ಗುಡ್ಡವನ್ನು ಆಷಾಢದ ಮೋಡ ಮುಚ್ಚಿದಾಗ ಬಂದ ವಿಮಾನಗಳಿಗೆ ನಿಯಂತ್ರಣ ಗೋಪುರ ಕಾಯಲು ಹೇಳುತ್ತದೆ. ಕಾಯುವುದೆಂದರೆ ಓಟದ ಮೈದಾನದ ಆಕಾರದ ಗೊತ್ತಾದ ಸುತ್ತು: ಒಂದು ನಿಮಿಷ ನೇರ, ಒಂದು ನಿಮಿಷ ಬಲಕ್ಕೆ ತಿರುವು, ಮತ್ತೆ ಒಂದು ನಿಮಿಷ ನೇರ, ಮತ್ತೆ ತಿರುವು. ಒಂದು ಸುತ್ತಿಗೆ ನಾಲ್ಕು ನಿಮಿಷ. ಹಲವು ವಿಮಾನಗಳಿದ್ದರೆ ಒಂದರ ಮೇಲೊಂದು ಸಾವಿರ ಅಡಿ ಅಂತರದಲ್ಲಿ ಸುತ್ತುತ್ತವೆ, ಕೆಳಗಿನದು ಇಳಿದಂತೆ ಮೇಲಿನವು ಒಂದೊಂದು ಮಟ್ಟ ಇಳಿಯುತ್ತವೆ. ಇದಕ್ಕೆಂದೇ ಇಂಧನವನ್ನು ಹೆಚ್ಚುವರಿಯಾಗಿ ತುಂಬಿಸಿರುತ್ತಾರೆ. ಕೊನೆಯ 30 ನಿಮಿಷದ ಇಂಧನ ಮುಟ್ಟಬಾರದ ಮೀಸಲು. ಅದನ್ನು ಬಳಸಬೇಕಾದೀತು ಎನ್ನುವ ಮೊದಲೇ ಬೇರೆ ಊರಿನ ದಾರಿ ಹಿಡಿಯಬೇಕು. ಮಂಗಳೂರಿಗೆ ಹೊರಟವರು ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಇಳಿಯುವುದು ಹೀಗೆ.

ನಿಲ್ಲುವ ಯಂತ್ರ ಮತ್ತು ಓಡುವ ಯಂತ್ರಗಳ ವ್ಯಾಪಾರ ಎರಡನ್ನೂ ಮಾಡಿ ನೋಡಿದವರು ಹಾಸನ ಜಿಲ್ಲೆಯವರೇ ಆದ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೇನೆಯಿಂದ ಹೊರಬಂದು, ಜಾವಗಲ್ ಬಳಿ ತೋಟ ಮಾಡಿ, ಪರಿಸರ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದವರು. 1997ರಲ್ಲಿ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಜೊತೆ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಕಂಪನಿ ಕಟ್ಟಿದರು. ಹೆಲಿಕಾಪ್ಟರಿಗೆ ರನ್‌ವೇ ಬೇಡ, ಹೊಲವೊಂದಿದ್ದರೆ ಸಾಕು. ಗಿರಾಕಿಗಳೂ ಇದ್ದರು: ಚುನಾವಣೆಗೆ ಓಡಾಡುವ ರಾಜಕಾರಣಿಗಳು, ಗಣಿ ಮತ್ತು ವಿದ್ಯುತ್ ಕಂಪನಿಗಳು, ತುರ್ತು ಚಿಕಿತ್ಸೆಯವರು. ಆದರೆ ಸಾಮಾನ್ಯ ಜನರನ್ನು ಹಾರಿಸಬೇಕೆಂದು ಅವರು 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಹೆಲಿಕಾಪ್ಟರ್ ಆರಿಸಿಕೊಳ್ಳಲಿಲ್ಲ. 48 ಆಸನಗಳ, ಪ್ರೊಪೆಲ್ಲರಿನ ಎಟಿಆರ್-42 ತಂದರು. ಬೆಂಗಳೂರಿನಿಂದ ಹುಬ್ಬಳ್ಳಿಯಂಥ ಊರುಗಳಿಗೆ ಹಾರಿಸಿ, ಒಂದು ರೂಪಾಯಿ ಟಿಕೆಟನ್ನೂ ಮಾರಿ ಹೆಸರಾದರು. ಕಂಪನಿ ನಷ್ಟದಲ್ಲಿ ಸಿಕ್ಕಿ ಮುಂದೆ ಕಿಂಗ್‌ಫಿಷರ್ ಪಾಲಾದದ್ದು ಬೇರೆ ಕಥೆ. ಹೆಲಿಕಾಪ್ಟರಿನ ಒಳಹೊರಗು ಬಲ್ಲ ಮನುಷ್ಯನೇ ಜನಸಾರಿಗೆಗೆ ರೆಕ್ಕೆಯ ವಿಮಾನವನ್ನು ಆರಿಸಿದ್ದು ಇಲ್ಲಿ ಮುಖ್ಯ. ನಿಲ್ಲುವುದಕ್ಕೆ ತಗಲುವ ಇಂಧನ ಮತ್ತು ದುರಸ್ತಿಯ ಖರ್ಚನ್ನು ಒಂದು ರೂಪಾಯಿ ಇರಲಿ, ಒಂದು ಸಾವಿರ ರೂಪಾಯಿಯ ಟಿಕೆಟೂ ತಾಳುವುದಿಲ್ಲ.

2018ರ ಮಾರ್ಚ್‌ನಲ್ಲಿ ಇದು ಇನ್ನೊಮ್ಮೆ ರುಜುವಾಯಿತು. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿ ಟ್ಯಾಕ್ಸಿ ಶುರುವಾದಾಗ ರಸ್ತೆಯ ಎರಡು ಗಂಟೆಯ ದಾರಿ ಕಾಲು ಗಂಟೆಗೆ ಇಳಿಯಿತು, ಟಿಕೆಟ್ ಮೂರೂವರೆ ಸಾವಿರ ರೂಪಾಯಿ ದಾಟಿತು. ಅಷ್ಟು ಕೊಟ್ಟು ದಿನಾ ಓಡಾಡುವವರು ಬೆಂಗಳೂರಿನಲ್ಲೂ ವಿರಳ.

ಈಗ ಭರವಸೆಯೆಲ್ಲ ಬ್ಯಾಟರಿಯ ಮೇಲೆ. ಬೆಂಗಳೂರಿನ ಸರಳಾ ಏವಿಯೇಷನ್ ಕಂಪನಿ 2025ರ ಜನವರಿಯಲ್ಲಿ ದೆಹಲಿಯಲ್ಲಿ ‘ಶೂನ್ಯ’ ಎಂಬ ವಿದ್ಯುತ್ ವಾಹನದ ಮಾದರಿ ತೋರಿಸಿತು. ಒಬ್ಬ ಪೈಲಟ್, ಆರು ಪ್ರಯಾಣಿಕರು. ಹಲವು ಪ್ರೊಪೆಲ್ಲರುಗಳ ಮೇಲೆ ನೇರವಾಗಿ ಏರಿ, ಬಳಿಕ ರೆಕ್ಕೆಯ ಮೇಲೆ ಮುಂದೆ ಓಡುವುದು ಅದರ ವಿನ್ಯಾಸ. ಗಮನಿಸಬೇಕಾದದ್ದು, ಇದೂ ನಿಲ್ಲುವುದನ್ನು ಆದಷ್ಟು ಬೇಗ ಮುಗಿಸಿಕೊಳ್ಳುತ್ತದೆ. ಬ್ಯಾಟರಿಯನ್ನು ಅತಿ ವೇಗವಾಗಿ ಬರಿದು ಮಾಡುವುದು ಏರುವ, ಇಳಿಯುವ, ನಿಲ್ಲುವ ಹೊತ್ತೇ ಆದ್ದರಿಂದ ಇಂಥ ವಾಹನಗಳೂ ದಾರಿಯ ಬಹುಪಾಲನ್ನು ರೆಕ್ಕೆಯ ಮೇಲೆಯೇ ಕಳೆಯಬೇಕು. ರೋಟೊಡೈನ್ ಕಂಡಿದ್ದ ಕನಸೇ ಇಲ್ಲಿ ಎಣ್ಣೆ ಬಿಟ್ಟು ಕರೆಂಟಿಗೆ ಬಂದಿದೆ. ಈ ಬಾರಿ ಸದ್ದು ಕಡಿಮೆ, ಆಸನಗಳೂ ಕಡಿಮೆ.

ಮಗ್ಗೆ, ಆಲೂರು, ಸಕಲೇಶಪುರದ ಕಡೆ ಇಂದು ಗಾಳಿಯಲ್ಲಿ ನಿಜಕ್ಕೂ ನಿಲ್ಲುವ ಯಂತ್ರವೆಂದರೆ ಡ್ರೋನ್. ಆನೆ ಹಿಂಡು ಯಾವ ತೋಟದಲ್ಲಿದೆ, ಯಾವ ಗದ್ದೆ ಬಯಲಿಗೆ ಇಳಿಯುತ್ತಿದೆ ಎಂದು ನೋಡಲು ಅರಣ್ಯ ಇಲಾಖೆಯವರು ಅದನ್ನು ಹಾರಿಸುತ್ತಾರೆ. ಕಾಡಾನೆಗಳ ಕಾಟ ಹೆಚ್ಚಿದ ಈ ಸೀಮೆಯಲ್ಲಿ ದಟ್ಟ ನೆರಳಿನ ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತು ಮಾರು ದೂರದಿಂದಲೂ ಕಾಣದು. ಮರದ ನೆತ್ತಿಯ ಮೇಲೆ ನಿಂತು ಮೈಬಿಸಿಯನ್ನು ಗುರುತಿಸುವ ಕ್ಯಾಮೆರಾಕ್ಕೆ ಕಾಣುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ ಜಾಗಗಳ ನಕ್ಷೆ ತೆಗೆಯುತ್ತಿರುವುದೂ ಡ್ರೋನುಗಳೇ. ಸಾಮಾನ್ಯ ಡ್ರೋನಿನ ಬ್ಯಾಟರಿ ಅರ್ಧ ಗಂಟೆಯ ಆಸುಪಾಸು ಬರುತ್ತದೆ. ಅಷ್ಟರೊಳಗೆ ಅದು ಕೆಳಗಿಳಿದು ಬ್ಯಾಟರಿ ಬದಲಿಸಿಕೊಳ್ಳಬೇಕು.